ಮೂರು ದಿನ ದೂರ, ನಾಲ್ಕನೆಯ ದಿನ ನೀರು



ಔರಾದ ತಾಲ್ಲೂಕಿನ ಒಂದು ಹಳ್ಳಿಗೆ ನಾವು ಹಗೇವುಗಳನ್ನು ಚಿತ್ರೀಕರಿಸಲು ಹೋಗಿದ್ದೆವು. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಕ್ಯಾಮೆರಾದವರು ಹಿತ್ತಲಿನಲ್ಲಿ ಕೆಲಸದಲ್ಲಿದ್ದಾಗ ನಾನು ಮನೆಯ ಪಡಸಾಲೆಗೆ ಬಂದೆ. ಒಳಗೆ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿ ಮೊಮ್ಮಗಳು ಚಾಪೆಯ ಮೇಲೆ ಕುಳಿತಿದ್ದಳು. ಅವಳ ತಾಟು ಬೇರೆ, ತಂಬಿಗೆ ಬೇರೆ. ಭಾಲ್ಕಿಯಲ್ಲಿ ಪಿಯುಸಿ ವಿಜ್ಞಾನ ಓದುವ ಹುಡುಗಿ. ಕೈಯಲ್ಲಿ ಜೀವಶಾಸ್ತ್ರದ ಪುಸ್ತಕ, ಪಕ್ಕದಲ್ಲಿ ಫೋನು. ಫೋನಿನ ಒಂದು ಆ್ಯಪ್ ಅವಳಿಗೆ ಇಂದು ಋತುಚಕ್ರದ ಎಷ್ಟನೆಯ ದಿನ, ಏನು ತಿನ್ನಬೇಕು, ಎಷ್ಟು ವ್ಯಾಯಾಮ ಮಾಡಬೇಕು ಎಂದು ಹೇಳುತ್ತಿತ್ತು.

ನಾನು ಅವಳ ಪಕ್ಕದಲ್ಲೇ ಕುಳಿತುಬಿಟ್ಟೆ. ಅಜ್ಜಿ ಹಣಿಕಿ ನೋಡಿ ನಕ್ಕರು. "ಮುಟ್ಟಿಸಿಕೊಂಡ್ರಲ್ರೀ ಬಾಯಾರ, ಊರಿಗಿ ಹೋಗಿ ಜಳಕಾ ಮಾಡ್ರಿ" ಎಂದರು. ಆಮೇಲೆ ತಾವೇ ಇನ್ನೊಂದು ಮಾತು ಸೇರಿಸಿದರು: "ನಮ್ಮ ತವರಮನ್ಯಾಗ ಇದು ಇರಲಿಲ್ಲರಿ. ಕೊರಳಾಗ ಲಿಂಗ ಇದ್ದ ಮ್ಯಾಲ ದೂರ ಕೂಡೂದು ಎಲ್ಲಿದು? ಇಲ್ಲಿಗಿ ಬಂದ ಮ್ಯಾಲ ಕಲ್ತೀನಿ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅಜ್ಜಿ ಬಾಲ್ಯದಲ್ಲಿ ಪಾಲಿಸದ ನಿಯಮವನ್ನು ಮೊಮ್ಮಗಳು ಪಾಲಿಸುತ್ತಿದ್ದಾಳೆ. ಆಚಾರಗಳು ಕಾಲ ಕಳೆದಂತೆ ಸಡಿಲವಾಗುತ್ತವೆ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಅದು ತಿರುಗುಮುರುಗಾಗಿದೆ. ಅದಕ್ಕೆ ಕಾರಣ ಹುಡುಕಲು ನಾವು ಬೀದರ ಜಿಲ್ಲೆಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಹೆಣ್ಣಿನ ತಿಂಗಳ ಚಕ್ರಕ್ಕೆ ದಿನಚರಿಯನ್ನು ಹೊಂದಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಒಂದು ಜಿಲ್ಲೆ ಒಂಬೈನೂರು ವರ್ಷಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಉತ್ತರಗಳನ್ನು ಕೊಟ್ಟಿದೆ.

ಮೊದಲು ಶಬ್ದಗಳನ್ನು ಗಮನಿಸಿ. ಕನ್ನಡದಲ್ಲಿ ಇದಕ್ಕೆ ಮುಟ್ಟು ಎನ್ನುತ್ತೇವೆ; ಮುಟ್ಟು ಎಂದರೆ ಸ್ಪರ್ಶ. ಹೊರಗಾಗಿದ್ದಾಳೆ, ಕಡೆಗಾಗಿದ್ದಾಳೆ, ದೂರ ಕೂತಿದ್ದಾಳೆ ಎನ್ನುತ್ತೇವೆ. ಔರಾದ ಕಡೆ ಮರಾಠಿ ಮಾತನಾಡುವ ಮನೆಗಳಲ್ಲಿ 'ಕಾವಳಾ ಶಿವಲಾ', ಅಂದರೆ ಕಾಗೆ ಮುಟ್ಟಿತು ಎಂದು ಮಕ್ಕಳಿಗೆ ಹೇಳುತ್ತಾರೆ. ಈ ಎಲ್ಲ ಮಾತುಗಳೂ ಅವಳು ಎಲ್ಲಿ ಕೂಡಬೇಕು, ಯಾರನ್ನು ಮುಟ್ಟಬಾರದು ಎಂಬುದನ್ನು ಹೇಳುತ್ತವೆ. ಅವಳ ದೇಹದಲ್ಲಿ ಏನಾಗುತ್ತಿದೆ ಎಂಬುದನ್ನು ಒಂದೂ ಹೇಳುವುದಿಲ್ಲ.

ಏನಾಗುತ್ತದೆ ಎಂಬುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಆದರೂ ನೆನಪಿಗಾಗಿ ಕೆಲವು ಮಾತು. ಸ್ರಾವದ ಮೊದಲ ದಿನವನ್ನು 1 ಎಂದು ಎಣಿಸಬೇಕು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ ಅಂಡಾಶಯದಲ್ಲಿ ಒಂದು ಕೋಶಿಕೆ ಬೆಳೆಯುತ್ತದೆ. ಅದು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ. ಒಂದು ದಿನ ಕೋಶಿಕೆ ಒಡೆದು ಅಂಡಾಣು ಹೊರಬರುತ್ತದೆ. ಒಡೆದ ಕೋಶಿಕೆಯ ಉಳಿದ ಭಾಗ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ತಯಾರಿಸುತ್ತದೆ. ಆಗ ಮೈಯ ಉಷ್ಣತೆ ಸೆಲ್ಸಿಯಸ್ ಮಾಪಕದಲ್ಲಿ ಸುಮಾರು 0.3ರಿಂದ 0.5 ಡಿಗ್ರಿಯಷ್ಟು ಏರುತ್ತದೆ. ಗರ್ಭ ನಿಲ್ಲದಿದ್ದರೆ ಈ ಹಾರ್ಮೋನುಗಳು ಇಳಿಯುತ್ತವೆ, ಒಳಪದರ ಕಳಚಿ ಬೀಳುತ್ತದೆ. ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು. ಇದು ಮೈಯಿಂದ ಹೊರಹೋಗುವ 'ಕೆಟ್ಟ ರಕ್ತ' ಅಲ್ಲ. ಮಗುವಿಗಾಗಿ ಸಿದ್ಧಮಾಡಿದ ಹಾಸಿಗೆ ಬೇಡವಾಯಿತು, ಅಷ್ಟೆ.

ಇನ್ನು ಚರಿತ್ರೆಗೆ ಬರೋಣ. ಬೀದರ ನಗರದಿಂದ ಪಶ್ಚಿಮಕ್ಕೆ ಹೋದರೆ, ಇದೇ ಜಿಲ್ಲೆಯಲ್ಲಿ, ಬಸವಕಲ್ಯಾಣ ಸಿಗುತ್ತದೆ. ಹನ್ನೊಂದನೆಯ ಶತಮಾನದ ನಡುಭಾಗದಿಂದ ಅದು ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯ ಅಲ್ಲಿ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಸಂಸ್ಕೃತದಲ್ಲಿ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಕಾನೂನು ಓದುವವರಿಗೆ ಈ ಹೆಸರು ಪರಿಚಿತ. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯ ವಿಷಯದಲ್ಲಿ ಭಾರತದ ಬಹುಭಾಗದ ನ್ಯಾಯಾಲಯಗಳು ಇದನ್ನೇ ಆಧಾರವಾಗಿಟ್ಟುಕೊಂಡವು. ಅದರ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ಆದರೆ ಈ ಗ್ರಂಥ ಆಸ್ತಿಯ ಬಗ್ಗೆ ಮಾತ್ರ ಮಾತನಾಡುವುದಿಲ್ಲ. ಮನೆಯೊಳಗಿನ ಆಚಾರವನ್ನೂ ಹೇಳುತ್ತದೆ. ಸ್ಮೃತಿಯ ಪ್ರಕಾರ ಸ್ರಾವ ಕಂಡಂದಿನಿಂದ ಹದಿನಾರು ರಾತ್ರಿಗಳು ಹೆಣ್ಣಿನ ಋತುಕಾಲ. ಅದರಲ್ಲಿ ಮೊದಲ ನಾಲ್ಕು ವರ್ಜ್ಯ. ಉಳಿದವುಗಳಲ್ಲಿ ಸಮಸಂಖ್ಯೆಯ ರಾತ್ರಿ ದಂಪತಿಗಳು ಕೂಡಿದರೆ ಗಂಡುಮಗು.

ಈ ಮೂರು ಮಾತುಗಳನ್ನು ಬಿಡಿಸಿ ನೋಡಬೇಕು. ವಿಜ್ಞಾನ ಓದಿದವಳಾಗಿ ನನಗೆ ಇದು ಬಹಳ ಸ್ವಾರಸ್ಯದ ಭಾಗ.

ಮೊದಲನೆಯದು ಎಣಿಕೆ. ಐದನೆಯ ದಿನದಿಂದ ಹದಿನಾರನೆಯ ದಿನದವರೆಗೆ ಗರ್ಭ ನಿಲ್ಲುವ ಸಂಭವ ಎಂಬುದು ಒಳ್ಳೆಯ ವೀಕ್ಷಣೆ. ಹೂ ಬಿರಿದು ಸಂಜೆಗೆ ಮುಚ್ಚುವ ತಾವರೆಯಂತೆ ಋತುಕಾಲ ಕಳೆದ ಮೇಲೆ ಗರ್ಭಾಶಯ ಮುಚ್ಚಿಕೊಳ್ಳುತ್ತದೆ ಎಂದು ಅದಕ್ಕೂ ಹಿಂದಿನ ಸುಶ್ರುತ ಸಂಹಿತೆ ಹೇಳಿತ್ತು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ದೊಡ್ಡ ವೈದ್ಯರು ಕೂಡ ಮುಟ್ಟಿನ ಹಿಂದುಮುಂದಿನ ದಿನಗಳೇ ಗರ್ಭ ನಿಲ್ಲುವ ದಿನಗಳೆಂದು ತಪ್ಪು ತಿಳಿದಿದ್ದರು. ಅಂಡಾಣು ಬಿಡುಗಡೆಯಾಗುವುದು ಮುಂದಿನ ಸ್ರಾವಕ್ಕೆ ಸುಮಾರು ಎರಡು ವಾರ ಮೊದಲು ಎಂಬುದನ್ನು 1920ರ ದಶಕದಲ್ಲಿ ಜಪಾನಿನ ಓಗಿನೋ ಮತ್ತು ಆಸ್ಟ್ರಿಯಾದ ಕ್ನಾಸ್ ಬೇರೆಬೇರೆಯಾಗಿ ತೋರಿಸಿದರು. ಅದಕ್ಕೆ ಹೋಲಿಸಿದರೆ ನಮ್ಮ ಹಳೆಯ ಎಣಿಕೆ ಸತ್ಯಕ್ಕೆ ಹತ್ತಿರವಿತ್ತು. ಇದನ್ನು ಒಪ್ಪಲು ಸಂಕೋಚ ಬೇಡ.

ಎರಡನೆಯದು ಸಮರಾತ್ರಿಯ ಮಾತು. ಇದು ಪೂರ್ತಿ ತಪ್ಪು. ಮಗು ಹೆಣ್ಣೋ ಗಂಡೋ ಎಂಬುದು ವರ್ಣತಂತುಗಳಿಂದ ನಿರ್ಧಾರವಾಗುತ್ತದೆ ಎಂಬುದನ್ನು 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ಮಹಿಳೆ ಹಿಟ್ಟಿನ ಹುಳುಗಳನ್ನು ಪರೀಕ್ಷಿಸಿ ತೋರಿಸಿದಳು. ಅದು ತಂದೆಯ ಕಡೆಯಿಂದ ಬರುವ ಅಂಶ. ರಾತ್ರಿಯ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಗಂಡು ಹೆರಲಿಲ್ಲವೆಂದು ಎಷ್ಟು ಸೊಸೆಯರು ಬೈಗುಳ ತಿಂದಿದ್ದಾರೆ ಎಂದು ನೆನೆದರೆ ಈ ಹುಳುಗಳ ಉಪಕಾರ ದೊಡ್ಡದು.

ಮೂರನೆಯದೇ ನಮ್ಮ ಇಂದಿನ ವಿಷಯ: ಮೊದಲ ನಾಲ್ಕು ದಿನಗಳು. ಗಂಡಹೆಂಡಿರು ದೂರವಿರಬೇಕಾದ ನಿಯಮವಾಗಿ ಮಾತ್ರ ಅದು ಉಳಿಯಲಿಲ್ಲ. ಧರ್ಮಶಾಸ್ತ್ರಗಳು ಆ ದಿನಗಳಲ್ಲಿ ಹೆಂಗಸನ್ನೇ ಅಸ್ಪೃಶ್ಯಳನ್ನಾಗಿ ಮಾಡಿದವು. ಸುಶ್ರುತ ಸಂಹಿತೆಯಲ್ಲಿ ರಜಸ್ವಲೆ ಮೂರು ದಿನ ಏನು ಮಾಡಬಾರದು ಎಂಬ ಪಟ್ಟಿಯೇ ಇದೆ. ಹಗಲು ಮಲಗಬಾರದು, ಕಣ್ಣಿಗೆ ಕಾಡಿಗೆ ಹಚ್ಚಬಾರದು, ಅಳಬಾರದು, ಸ್ನಾನ ಮಾಡಬಾರದು, ಉಗುರು ಕತ್ತರಿಸಬಾರದು, ಓಡಬಾರದು, ಹೆಚ್ಚು ನಗಬಾರದು. ದರ್ಭೆಯ ಹಾಸಿಗೆಯ ಮೇಲೆ ಮಲಗಬೇಕು. ತಪ್ಪಿದರೆ ಹುಟ್ಟುವ ಮಗುವಿಗೆ ಒಂದೊಂದು ದೋಷ. ಕಾಡಿಗೆ ಹಚ್ಚಿದರೆ ಕುರುಡು ಮಗು ಹುಟ್ಟುತ್ತದೆ ಎಂದು ಹೇಳಿದ ಮೇಲೆ ಯಾವ ತಾಯಿ ಧೈರ್ಯ ಮಾಡುತ್ತಾಳೆ? ಎಣಿಕೆ ಸರಿಯಾಗಿದ್ದವರೇ ಹೆದರಿಕೆಯನ್ನೂ ಅದರ ಜೊತೆಗೆ ಪೋಣಿಸಿದರು. ಬೇರೆ ಮಾಡಬೇಕಾದ ಎರಡು ದಾರಗಳು ಅಂದಿನಿಂದ ಗಂಟು ಬಿದ್ದಿವೆ.

ವಿಕ್ರಮಾದಿತ್ಯ ತೀರಿಕೊಂಡು ಕೆಲವೇ ದಶಕಗಳು ಕಳೆದಿದ್ದವು. ಅದೇ ಕಲ್ಯಾಣದಲ್ಲಿ ಬಿಜ್ಜಳನ ಆಳ್ವಿಕೆ. ಬಸವಣ್ಣನವರ ಸುತ್ತ ಶರಣರು ಸೇರಿದರು. ಅವರು ಪಂಚಸೂತಕಗಳನ್ನು ಒಪ್ಪಲಿಲ್ಲ ಎಂದು ನೀವು ಕೇಳಿರಬಹುದು. ಹುಟ್ಟಿನ ಸೂತಕ, ಸಾವಿನ ಸೂತಕ, ರಜಸ್ಸೂತಕ, ಎಂಜಲಿನ ಸೂತಕ, ಜಾತಿಯ ಸೂತಕ. ಇವೇ ಆ ಐದು. ಮಿತಾಕ್ಷರಾ ಹುಟ್ಟಿದ ಊರಿನಲ್ಲೇ, ಅದನ್ನು ಬಲ್ಲ ಪಂಡಿತರ ಕಣ್ಣೆದುರಿಗೇ, ಮುಟ್ಟಿನ ಮೈಲಿಗೆ ಸುಳ್ಳು ಎಂದು ಹೇಳಿದ ಗುಂಪು ಅದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಚನಗಳು ನಮ್ಮ ಕೈಗೆ ಬಂದಿರುವುದು ನಂತರದ ಶತಮಾನಗಳ ತಾಡವೋಲೆಗಳಿಂದ. ಹದಿನೈದನೆಯ ಶತಮಾನದಲ್ಲಿ ಅವುಗಳ ಸಂಕಲನ, ಸಂಪಾದನೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆದ್ದರಿಂದ ಯಾವ ಮಾತನ್ನು ಯಾರು ಯಾವ ದಿನ ಹೇಳಿದರು ಎಂದು ಹಟ ಹಿಡಿಯುವಂತಿಲ್ಲ. ಆದರೆ ಸೂತಕವನ್ನು ತಳ್ಳಿಹಾಕುವ ಮಾತು ಒಬ್ಬರ ವಚನದಲ್ಲಲ್ಲ, ಹಲವರ ವಚನಗಳಲ್ಲಿ ಬರುತ್ತದೆ. ಅದು ಆ ಪಂಥದ ನಡೆಯಾಗಿತ್ತು ಎನ್ನಲು ಇಷ್ಟು ಸಾಕು.

ಬಸವಣ್ಣನವರ ಹೆಸರಿನ ಒಂದು ವಚನದಲ್ಲಿ 'ಹೊಲೆ' ಎಂಬ ಶಬ್ದ ಬರುತ್ತದೆ. ಹಳೆಯ ಕನ್ನಡದಲ್ಲಿ ಹೊಲೆ ಎಂದರೆ ಮೈಲಿಗೆ. ಮುಟ್ಟು ಎಂಬ ಅರ್ಥವೂ ಅದಕ್ಕಿದೆ. ಅಸ್ಪೃಶ್ಯರೆಂದು ಊರ ಹೊರಗಿಟ್ಟ ಜನರನ್ನು ಕರೆದದ್ದೂ ಅದೇ ಶಬ್ದದಿಂದ. ವಚನದ ತಿರುಳು ಇಷ್ಟು: ತಾಯಿಯ ಆ ರಜಸ್ಸು ಇಲ್ಲದೆ ಯಾವ ಪಿಂಡಕ್ಕೂ ನೆಲೆಯಿಲ್ಲ. ಎಲ್ಲರೂ ಹುಟ್ಟಿದ್ದು ಒಂದೇ ದಾರಿಯಲ್ಲಿ. ಆಮೇಲೆ ಮಾಡುವ ಕೆಲಸದಿಂದ ಒಬ್ಬ ಕಮ್ಮಾರ, ಇನ್ನೊಬ್ಬ ಮಡಿವಾಳ, ಮತ್ತೊಬ್ಬ ವೇದ ಓದುವವ. ಈ ವಾದದ ಚಳಕವನ್ನು ಗಮನಿಸಿ. ಹೆಣ್ಣಿನ ಮುಟ್ಟು ಮೈಲಿಗೆಯಾದರೆ ಅದರಿಂದಲೇ ಹುಟ್ಟಿದ ಎಲ್ಲರೂ ಮೈಲಿಗೆ. ಹಾಗಾದರೆ ಮೇಲುಕೀಳು ಎಲ್ಲಿ ಉಳಿಯಿತು? ಜಾತಿಯ ಅಸ್ಪೃಶ್ಯತೆ ಮತ್ತು ಮುಟ್ಟಿನ ಅಸ್ಪೃಶ್ಯತೆ ಒಂದೇ ಬೇರಿನವು ಎಂಬುದನ್ನು ಹನ್ನೆರಡನೆಯ ಶತಮಾನದಲ್ಲೇ ಕಂಡುಕೊಂಡಿದ್ದರು. ನಾವು ಇವತ್ತೂ ಇವನ್ನು ಎರಡು ಬೇರೆ ಪಾಠಗಳಾಗಿ ಓದುತ್ತೇವೆ, ಒಂದು ಸಮಾಜಶಾಸ್ತ್ರದಲ್ಲಿ, ಒಂದು ಜೀವಶಾಸ್ತ್ರದಲ್ಲಿ.

ಇದು ಬರಿಯ ಮಾತಾಗಿರಲಿಲ್ಲ, ದಿನಚರಿಯನ್ನೇ ಬದಲಿಸಿತು. ಇಷ್ಟಲಿಂಗವನ್ನು ಹೆಣ್ಣಾಗಲಿ ಗಂಡಾಗಲಿ ಹಗಲು ರಾತ್ರಿ ಮೈಮೇಲೆ ಧರಿಸಬೇಕು, ಸಾಯುವವರೆಗೆ ತೆಗೆಯಬಾರದು. ಮುಟ್ಟು ಮೈಲಿಗೆಯೆಂದರೆ ತಿಂಗಳಿಗೆ ಮೂರು ದಿನ ಲಿಂಗವನ್ನು ತೆಗೆದಿಡಬೇಕು. ತೆಗೆದರೆ ವ್ರತಭಂಗ. ಲಿಂಗ ಧರಿಸಿದ ಹೆಂಗಸಿಗೆ ದೂರ ಕೂಡುವುದು ತರ್ಕಕ್ಕೇ ಹೊಂದುವುದಿಲ್ಲ. ಔರಾದಿನ ಅಜ್ಜಿ ಹೇಳಿದ್ದು ಇದನ್ನೇ. ಅವರು ಯಾವ ವಚನವನ್ನೂ ಹೇಳಲಿಲ್ಲ; ಕೊರಳಿನ ಕರಡಿಗೆಯನ್ನು ಮುಟ್ಟಿ ತೋರಿಸಿದರು. ಇದಕ್ಕೆ ನನ್ನದೊಂದು ಊಹೆ ಸೇರಿಸುತ್ತೇನೆ. ಶರಣರಲ್ಲಿ ಕಾಯಕ ನಿತ್ಯ, ದಾಸೋಹ ನಿತ್ಯ. ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಕಾಳವ್ವೆ ಮೊದಲಾದ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಲ್ಲಿ ಹೆಚ್ಚಿನವರು ದುಡಿದು ಉಣ್ಣುವ ಮನೆಗಳವರು. ಅಂಥ ಮನೆಯಲ್ಲಿ ತಿಂಗಳಿಗೆ ಮೂರು ದಿನ ಒಲೆ ನಿಂತರೆ ದಾಸೋಹವೂ ನಿಲ್ಲುತ್ತದೆ.

ಹೊರಗಿನವರ ಕಣ್ಣಿಗೂ ಇದು ಬಿದ್ದಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಬಹಳ ಕಾಲ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಬೇರೆ ಹಿಂದೂಗಳು ಮುಟ್ಟು ಮತ್ತು ಸಾವಿಗೆ ಹಿಡಿಯುವ ಮೈಲಿಗೆ ಲಿಂಗಾಯತರಲ್ಲಿ ಇಲ್ಲ ಎಂದು ಬರೆದಿಟ್ಟಿದ್ದಾನೆ.

ಬೀದರ ನಗರಕ್ಕೆ ಬನ್ನಿ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗೋಡೆಗಳು ಇಂದಿಗೂ ನಿಂತಿವೆ. ಇಸ್ಲಾಮಿನ ನಿಯಮ ಮತ್ತೊಂದು ಬಗೆಯದು. ಆ ದಿನಗಳಲ್ಲಿ ಹೆಂಗಸಿಗೆ ನಮಾಜು ಇಲ್ಲ, ಅದನ್ನು ಆಮೇಲೆ ತೀರಿಸಬೇಕಾಗಿಯೂ ಇಲ್ಲ. ರಂಜಾನಿನ ಉಪವಾಸ ಬಿಡಬೇಕು, ಆದರೆ ಮುಂದೆ ಅಷ್ಟೇ ದಿನ ಹಿಡಿದು ತೀರಿಸಬೇಕು. ದಾಂಪತ್ಯ ಸಂಬಂಧ ಕೂಡದು. ಆದರೆ ಅವಳು ಅಡುಗೆ ಮಾಡಬಹುದು, ಎಲ್ಲರೊಡನೆ ಒಂದೇ ದಸ್ತರಖಾನಿನಲ್ಲಿ ಕುಳಿತು ಉಣ್ಣಬಹುದು. ಅಂದರೆ ಪ್ರಾರ್ಥನೆಯ ಮಟ್ಟಿಗೆ ವ್ಯತ್ಯಾಸ, ಮನೆಯ ಮಟ್ಟಿಗೆ ಇಲ್ಲ. ಬೀದರಿನ ಹಳೆಯ ಓಣಿಗಳಲ್ಲಿ ಒಂದೇ ಗೋಡೆಯ ಆಚೆ ಈಚೆ ಎರಡು ದಿನಚರಿಗಳು ನಡೆದುಬಂದಿವೆ.

ಅದೇ ನಗರದಲ್ಲಿ ನಾನಕ ಝಿರಾ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಿದ್ದರು, ಜಂಬಿಟ್ಟಿಗೆಯ ಬಂಡೆಯಿಂದ ಸಿಹಿನೀರಿನ ಬುಗ್ಗೆ ಚಿಮ್ಮಿತು ಎಂಬುದು ಸಿಖ್ಖರ ನಂಬಿಕೆ. 1699ರಲ್ಲಿ ಗುರು ಗೋವಿಂದಸಿಂಗರು ಆರಿಸಿದ ಐವರು ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ನಾನಕರ 'ಆಸಾ ದಿ ವಾರ್' ಎಂಬ ರಚನೆ ಸೂತಕವನ್ನು ಪ್ರಶ್ನಿಸುತ್ತದೆ. ಸೂತಕ ಉಂಟೆಂದು ಒಪ್ಪಿದರೆ ಅದು ಸೌದೆಯಲ್ಲಿ, ಬೆರಣಿಯಲ್ಲಿ, ಕಾಳಿನಲ್ಲಿ ಎಲ್ಲೆಲ್ಲೂ ಇದೆ, ಅಡುಗೆಮನೆಯನ್ನು ಅದರಿಂದ ಹೇಗೆ ಕಾಯುತ್ತೀರಿ ಎಂಬುದು ಅದರ ಭಾವ. ಆ ಮಾತು ಮುಖ್ಯವಾಗಿ ಹುಟ್ಟಿನ ಸೂತಕವನ್ನು ಕುರಿತದ್ದು. ಆದರೆ ಅದೇ ದಾರಿಯಲ್ಲಿ ನಡೆದ ಸಿಖ್ಖರು ಮುಟ್ಟಾದ ಹೆಂಗಸನ್ನು ಪ್ರಾರ್ಥನೆಯಿಂದಾಗಲಿ ಲಂಗರಿನ ಅಡುಗೆಯಿಂದಾಗಲಿ ದೂರವಿಡಲಿಲ್ಲ. ಬಸವಣ್ಣ ಮತ್ತು ನಾನಕ ಇಬ್ಬರ ಹೆಜ್ಜೆಯೂ ಒಂದೇ ಜಿಲ್ಲೆಯಲ್ಲಿ ಬಿದ್ದಿರುವುದು ಆಕಸ್ಮಿಕ. ಆದರೆ ನಮ್ಮ ಪಾಲಿಗೆ ಒದಗಿದ ಭಾಗ್ಯ.

ಹಾಗಿದ್ದರೆ ಮೊಮ್ಮಗಳು ಪಡಸಾಲೆಯಲ್ಲಿ ಏಕೆ ಕುಳಿತಿದ್ದಾಳೆ?

ಭಾಲ್ಕಿಯ ಹಿರೇಮಠದ ಕಥೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಡಾ. ಚನ್ನಬಸವ ಪಟ್ಟದ್ದೇವರು 1890ರಲ್ಲಿ ಕಮಲನಗರದಲ್ಲಿ ಹುಟ್ಟಿದರು. ಆಗ ಅದು ಔರಾದ ಸೀಮೆ. ಇಂದು ಅದೇ ಒಂದು ತಾಲ್ಲೂಕು. ಅವರ ಕಾಲದ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಶಾಲೆ, ಕಚೇರಿ ಎಲ್ಲ ಉರ್ದು. ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದನ್ನು ಈ ಜಿಲ್ಲೆಯ ಮಕ್ಕಳೆಲ್ಲ ಕೇಳಿರುತ್ತಾರೆ. ಇದನ್ನು ನಾವು ಭಾಷೆಯ ಹೋರಾಟವೆಂದು ಮಾತ್ರ ಓದುತ್ತೇವೆ. ನನಗೆ ಇನ್ನೊಂದು ಮುಖವೂ ಕಾಣುತ್ತದೆ. ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು 1923ರಲ್ಲಿ ಅಚ್ಚು ಹಾಕಿಸಿದರು. ಆದರೆ ಕನ್ನಡ ಅಕ್ಷರವೇ ಗೊತ್ತಿಲ್ಲದ ಮನೆಗೆ ಆ ಪುಸ್ತಕ ಬಂದು ಏನು ಪ್ರಯೋಜನ? ಸೂತಕವಿಲ್ಲ ಎಂದು ಬರೆದದ್ದನ್ನು ಓದಲಾರದ ಹೆಣ್ಣುಮಗಳು ಅತ್ತೆ ಹೇಳಿದ್ದನ್ನು ಪಾಲಿಸುತ್ತಾಳೆ. ಕಲ್ಯಾಣಕ್ಕೆ ಅಷ್ಟು ಹತ್ತಿರವಿದ್ದ ಊರುಗಳಿಗೆ ಕಲ್ಯಾಣದ ಮಾತು ತಲುಪಲು ಕನ್ನಡ ಶಾಲೆಗಾಗಿ ಕಾಯಬೇಕಾಯಿತು. ಪಟ್ಟದ್ದೇವರು ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಎಬ್ಬಿಸಲು ದುಡಿದದ್ದೂ ಇದೇ ಕಾರಣಕ್ಕೆ ಎಂದು ತೋರುತ್ತದೆ. 1999ರಲ್ಲಿ ನೂರೆಂಟು ವರ್ಷ ದಾಟಿದ ಮೇಲೆ ಅವರು ಲಿಂಗೈಕ್ಯರಾದರು.

ಎರಡನೆಯ ಕಾರಣವನ್ನು ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1952ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಅವರು ಬರೆದದ್ದು ಕೊಡಗರ ಬಗ್ಗೆ. ಕೆಳಗಿನ ಜಾತಿಯವರು ಮಾನ ಹೆಚ್ಚಿಸಿಕೊಳ್ಳಲು ಮೇಲಿನವರ ಆಚಾರಗಳನ್ನು ಅನುಸರಿಸುವುದನ್ನು ಅವರು ಸಂಸ್ಕೃತೀಕರಣ ಎಂದರು. ನೆರೆಮನೆಯವರು ಮಡಿ ಮಾಡುತ್ತಾರೆ, ಬೀಗರು ಮಾಡುತ್ತಾರೆ, ನಾವು ಮಾಡದಿದ್ದರೆ ಜನ ಏನೆಂದಾರು? ಮನೆ ಕಟ್ಟಿದೆವು, ದೊಡ್ಡ ದೇವರಕೋಣೆ ಆಯಿತು; ದೇವರಕೋಣೆಯ ಜೊತೆಗೆ ಅದರ ಬಾಗಿಲೂ ಬಂತು, ಬಾಗಿಲಾಚೆ ನಿಲ್ಲುವವಳೂ ಬೇಕಾದಳು. ದೇವರು ಕೊರಳಲ್ಲಿದ್ದಾಗ ಈ ತೊಂದರೆ ಇರಲಿಲ್ಲ.

ಈ ವಿಷಯ ಬಂದಾಗ ತಪ್ಪದೆ ಕೇಳುವ ಒಂದು ಮಾತಿದೆ. "ಹಿಂದಿನವರು ದಡ್ಡರಲ್ಲ, ಆ ನೆಪದಲ್ಲಾದರೂ ಹೆಂಗಸಿಗೆ ವಿಶ್ರಾಂತಿ ಸಿಗುತ್ತಿತ್ತು." ಇದರಲ್ಲಿ ಸ್ವಲ್ಪ ನಿಜವಿದೆ. ಕೂಡುಕುಟುಂಬದಲ್ಲಿ ನಾಲ್ಕು ಸೊಸೆಯರಿದ್ದರೆ ಒಬ್ಬಳಿಗೆ ಒಲೆಯ ಮುಂದಿನಿಂದ ಬಿಡುವು ಸಿಗುತ್ತಿತ್ತು. ಆದರೆ ಬೀದರಿನ ಉದ್ದಿನ ಹೊಲ, ತೊಗರಿಯ ಹೊಲದಲ್ಲಿ ಕಳೆ ಕೀಳುವ ಹೆಂಗಸನ್ನು ಕೇಳಿ ನೋಡಿ. ಅಡುಗೆಮನೆಗೆ ಮೈಲಿಗೆಯಾದವಳು ಹೊಲಕ್ಕೆ ಮೈಲಿಗೆಯಾಗುವುದಿಲ್ಲ. ಒಳಗಿನ ಕೆಲಸ ಬೇಡ, ಹೊರಗಿನ ಕೆಲಸ ಬೇಕು. ಸೆಗಣಿ ಬಾಚುವುದು, ಹುಲ್ಲು ತರುವುದು ಅವಳಿಗೇ. ನೋವಿದ್ದವಳಿಗೂ ಅಷ್ಟೇ, ಇಲ್ಲದವಳಿಗೂ ಅಷ್ಟೇ. ವಿಶ್ರಾಂತಿ ಎಂದರೆ ಬೇಕಾದಾಗ ಮಲಗುವುದು, ಸಾಕೆನಿಸಿದಾಗ ಏಳುವುದು. ದನದ ಕೊಟ್ಟಿಗೆಯ ಪಕ್ಕದಲ್ಲಿ ಲೆಕ್ಕ ಹಾಕಿ ಮೂರು ರಾತ್ರಿ ಕಳೆಯುವುದನ್ನು ವಿಶ್ರಾಂತಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ರಾಜ್ಯದ ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಕಠಿಣ.

ಒಂದು ವಿಚಿತ್ರ ನೋಡಿ. ತುಳುನಾಡಿನಲ್ಲಿ ಕೆಡ್ಡಸ ಎಂಬ ಹಬ್ಬವಿದೆ. ಫೆಬ್ರವರಿಯ ಸುಮಾರಿಗೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂದು ಅಲ್ಲಿ ನೆಲ ಅಗೆಯುವುದಿಲ್ಲ, ಉಳುವುದಿಲ್ಲ.  ಕೊನೆಯ ದಿನ ಅವಳಿಗೆ ಎಣ್ಣೆ ಎರೆಯುತ್ತಾರೆ. ನಮ್ಮ ಬೀದರಿನಲ್ಲಿ ಎಳ್ಳ ಅಮಾವಾಸ್ಯೆಗೆ ಬಜ್ಜಿ, ಅಂಬಲಿ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗಿ ಭೂಮಿಗೆ ಚರಗ ಚೆಲ್ಲುತ್ತದೆ. ನೆಲದ ಮುಟ್ಟು, ನೆಲದ ಬಸಿರು ಹಬ್ಬ. ಅದೇ ಸೊಸೆಯದಾದರೆ ದೂರ.

ವಿಜ್ಞಾನವೂ ಈ ವಿಷಯದಲ್ಲಿ ಎಡವಿದ್ದುಂಟು. 1920ರಲ್ಲಿ ವಿಯೆನ್ನಾದ ಪ್ರಸಿದ್ಧ ವೈದ್ಯ ಬೇಲಾ ಶಿಕ್ ತನ್ನ ಮನೆಗೆಲಸದವಳು ಮುಟ್ಟಾಗಿದ್ದಾಗ ಹಿಡಿದ ಹೂಗಳು ಬಾಡಿದವು ಎಂದು ಬರೆದ. ಅವಳ ಮೈಯಿಂದ ಒಂದು ವಿಷ ಹೊರಬರುತ್ತದೆಂದು ಊಹಿಸಿ ಅದಕ್ಕೆ 'ಮೆನೊಟಾಕ್ಸಿನ್' ಎಂದು ಹೆಸರನ್ನೂ ಇಟ್ಟ. ಹಲವರು ದಶಕಗಳ ಕಾಲ ಅದನ್ನು ಹುಡುಕಿದರು. ಅಂಥ ವಿಷ ಇದೆ ಎಂಬುದು ಕೊನೆಗೂ ಸಾಬೀತಾಗಲಿಲ್ಲ. ಮುಟ್ಟಾದವಳು ಮುಟ್ಟಿದರೆ ತುಳಸಿ ಒಣಗುತ್ತದೆ, ಉಪ್ಪಿನಕಾಯಿ ಕೆಡುತ್ತದೆ, ಸಂಡಿಗೆ ಕೆಂಪಾಗುತ್ತದೆ ಎಂಬ ಮಾತನ್ನು ನೀವೇ ಪರೀಕ್ಷಿಸಬಹುದು. ಒಂದೇ ವಯಸ್ಸಿನ ಹತ್ತು ತುಳಸಿ ಸಸಿಗಳನ್ನು ತನ್ನಿ. ಐದಕ್ಕೆ ಆ ದಿನಗಳಲ್ಲಿ ನೀವೇ ನೀರು ಹಾಕಿ, ಐದಕ್ಕೆ ತಮ್ಮನಿಂದ ಹಾಕಿಸಿ. ನೀರು, ಬಿಸಿಲು ಎರಡಕ್ಕೂ ಸಮವಿರಲಿ. ಯಾವ ಸಸಿ ಯಾರದೆಂದು ತಿಳಿಯದವರಿಂದ ಎಲೆ ಎಣಿಸಿ. ತಮ್ಮ ನೀರು ಹಾಕಲು ಮರೆತರೆ ಅದನ್ನೂ ಬರೆದಿಡಿ.

ಈಗ ಆ ಹುಡುಗಿಯ ಫೋನಿಗೆ ಬರೋಣ. ಋತುಚಕ್ರದ ನಾಲ್ಕು ಘಟ್ಟಗಳಿಗೆ ತಕ್ಕಂತೆ ಊಟ, ಕೆಲಸ, ವ್ಯಾಯಾಮವನ್ನು ಬದಲಿಸಿಕೊಳ್ಳಬೇಕು ಎಂಬ ಮಾತು 2013ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕದ ನಂತರ ಜೋರಾಗಿ ಹಬ್ಬಿತು. ಮೊದಲರ್ಧದಲ್ಲಿ ಅಗಸೆ ಮತ್ತು ಕುಂಬಳ ಬೀಜ, ಎರಡನೆಯ ಅರ್ಧದಲ್ಲಿ ಎಳ್ಳು ಮತ್ತು ಸೂರ್ಯಕಾಂತಿ ಬೀಜ ಎಂದು ಅವಳ ಆ್ಯಪ್ ಹೇಳುತ್ತಿತ್ತು. ಮೂವತ್ತು ದಿನವೂ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿನ್ನುವ ಈ ಸೀಮೆಯವರು ಏನು ಮಾಡಬೇಕೋ ತಿಳಿಯದು. ಬೀಜಗಳು ಒಳ್ಳೆಯವೇ, ಇಂಥ ದಿನ ಇಂಥದೇ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ವ್ಯಾಯಾಮದ ಬಗ್ಗೆ 78 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ 2020ರಲ್ಲಿ ಪ್ರಕಟವಾಯಿತು. ಸ್ರಾವದ ಮೊದಲ ದಿನಗಳಲ್ಲಿ ಮೈಯ ಸಾಮರ್ಥ್ಯ ಸ್ವಲ್ಪ ತಗ್ಗಬಹುದು, ಆದರೆ ಆ ವ್ಯತ್ಯಾಸ ತೀರ ಅಲ್ಪ, ಒಬ್ಬೊಬ್ಬರಿಗೆ ಒಂದೊಂದು ರೀತಿ. ಆದ್ದರಿಂದ ಎಲ್ಲರಿಗೂ ಒಂದೇ ನಿಯಮ ಹಾಕಬೇಡಿ ಎಂಬುದು ಅದರ ಅಭಿಪ್ರಾಯ.

ಇಪ್ಪತ್ತೆಂಟು ದಿನ ಎಂಬುದೂ ಒಂದು ಬಗೆಯ ಶಾಸ್ತ್ರವಾಗಿಬಿಟ್ಟಿದೆ. ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳ ದಾಖಲೆಯನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ ಸರಾಸರಿ 29.3 ದಿನ ಬಂತು. ಅಂಡಾಣು ಬಿಡುಗಡೆಗೆ ಮುಂಚಿನ ಭಾಗ 16.9 ದಿನ, ನಂತರದ್ದು 12.4 ದಿನ. ಸರಾಸರಿಯ ಸುತ್ತ ಹೆಚ್ಚುಕಡಿಮೆ ಬಹಳ. ವಯಸ್ಕರಲ್ಲಿ 21ರಿಂದ 35, ಮೈನೆರೆದ ಹೊಸದರಲ್ಲಿ 45 ದಿನದವರೆಗೂ ಸಹಜ. ಹದಿನಾಲ್ಕನೆಯ ದಿನವೇ ಅಂಡಾಣು ಬಿಡುಗಡೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯಿರಿ, ದೇಹ ಹಾಗೆಯೇ ನಡೆಯುತ್ತದೆಂದು ನಂಬಬೇಡಿ.

ಸರ್ಕಾರಗಳೂ ಈ ಲೆಕ್ಕಕ್ಕೆ ಬಂದಿವೆ. ಜಪಾನ್ 1947ರ ಕಾರ್ಮಿಕ ಕಾಯ್ದೆಯಲ್ಲೇ ಮುಟ್ಟಿನ ರಜೆ ಕೊಟ್ಟಿತು. ಬಿಹಾರದಲ್ಲಿ 1992ರಿಂದ ಸರ್ಕಾರಿ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೆ ಒಂದು ದಿನ ಸಂಬಳಸಹಿತ ರಜೆಗೆ ಒಪ್ಪಿಗೆ ಕೊಟ್ಟಿತು. ಹಳೆಯ 'ದೂರ' ಮತ್ತು ಈ ರಜೆ ಒಂದೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಇದನ್ನು ಬೇಕಾದವಳು ಕೇಳಿ ಪಡೆಯುತ್ತಾಳೆ, ಬೇಡವಾದವಳು ಕೆಲಸಕ್ಕೆ ಬರುತ್ತಾಳೆ. ಆದರೆ ಹೊಲದಲ್ಲಿ ದಿನಗೂಲಿಗೆ ಹೋಗುವವಳಿಗೆ ರಜೆ ಕೊಡುವವರು ಯಾರು? ಆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ನೋವಿನ ವಿಷಯ ಹೇಳದೆ ಮುಗಿಸಲಾರೆ. ಗರ್ಭಕೋಶ ಕುಗ್ಗಿ ಪದರವನ್ನು ಹೊರದೂಡುವಾಗ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ನೋವು ತರುತ್ತವೆ. ಆಸ್ಪಿರಿನ್‌ನಂಥ ಔಷಧಿಗಳು ಇವುಗಳ ಉತ್ಪತ್ತಿಯನ್ನು ತಡೆಯುತ್ತವೆ ಎಂಬುದನ್ನು ಜಾನ್ ವೇನ್ 1971ರಲ್ಲಿ ತೋರಿಸಿದ. ಪ್ರೊಸ್ಟಗ್ಲಾಂಡಿನ್‌ಗಳ ಮೇಲಿನ ಕೆಲಸಕ್ಕಾಗಿ 1982ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪಡೆದ. ಅಂದರೆ ನೋವಿಗೆ ಕಾರಣವಿದೆ, ಪರಿಹಾರವೂ ಇದೆ. ಬಿಸಿನೀರಿನ ಶಾಖ, ಸ್ವಲ್ಪ ನಡಿಗೆ, ವೈದ್ಯರು ಹೇಳಿದ ಮಾತ್ರೆ. ಸಹಿಸಿಕೋ ಎನ್ನುವುದು ಪರಿಹಾರವಲ್ಲ. ರಕ್ತ ಹೋಗುವುದರಿಂದ ಕಬ್ಬಿಣದ ಅಂಶ ಬೇಕು: ಪುಂಡಿ ಪಲ್ಯ, ರಾಜಗಿರಿ, ಸಜ್ಜೆ, ಕಾಳು. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಟ್ಟೆ ಬಳಸುವವರು ಅದನ್ನು ಸೀರೆಯ ಅಡಿಯಲ್ಲಿ ಮುಚ್ಚಿ ಒಣಗಿಸದೆ ನೇರ ಬಿಸಿಲಿಗೆ ಹಾಕಬೇಕು. ಬೀದರಿನಲ್ಲಿ ನೀರಿಗೆ ಬರವಿರಬಹುದು, ಬಿಸಿಲಿಗಿಲ್ಲ. ದೇಶದಲ್ಲಿ 15ರಿಂದ 24 ವಯಸ್ಸಿನವರಲ್ಲಿ ಶುಚಿಯಾದ ಸಾಧನ ಬಳಸುವವರು 2015-16ರಲ್ಲಿ ನೂರಕ್ಕೆ 57.6 ಇದ್ದದ್ದು 2019-21ರ ಸಮೀಕ್ಷೆಯಲ್ಲಿ 77.3ಕ್ಕೆ ಏರಿತು. ಉಳಿದವರು ಯಾರು ಎಂದು ನಿಮ್ಮ ತರಗತಿಯಲ್ಲೇ ಯೋಚಿಸಿ.

ಲೆಕ್ಕ ಇಡಿ. ಒಂದು ನೋಟುಬುಕ್ಕು ಸಾಕು. ಸ್ರಾವ ಶುರುವಾದ ದಿನಾಂಕ, ನಿಂತ ದಿನಾಂಕ, ನೋವು ಇತ್ತೇ, ಶಾಲೆಗೆ ಹೋದಿರೇ. ಏಳು ದಿನಕ್ಕೂ ಹೆಚ್ಚು ಹೋದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ಮೂರು ತಿಂಗಳು ಬರದಿದ್ದರೆ, ನೋವಿನಿಂದ ಪ್ರತಿ ತಿಂಗಳೂ ತರಗತಿ ತಪ್ಪಿದರೆ ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ಗಂಡುಮಕ್ಕಳೂ ಇದನ್ನು ಓದುತ್ತಿದ್ದರೆ, ಅಕ್ಕತಂಗಿಯರ ಪುಸ್ತಕವನ್ನು ಕೇಳದೆ ತೆರೆಯಬೇಡಿ.

ಔರಾದಿನ ಆ ಹುಡುಗಿಯೂ ಒಂದು ಲೆಕ್ಕ ಇಟ್ಟಿದ್ದಳು, ಜೀವಶಾಸ್ತ್ರದ ನೋಟುಬುಕ್ಕಿನ ಕೊನೆಯ ಪುಟದಲ್ಲಿ. ನಾವು ಹೊರಡುವ ಮೊದಲು ನನಗೆ ತೋರಿಸಿದಳು. ಕಳೆದ ಮೂರು ಸಲದ್ದು 31, 27, 34. ಫೋನು ಮಾತ್ರ ಮೂರು ಸಲವೂ 28 ಎಂದೇ ಹೇಳಿತ್ತಂತೆ. ಅಷ್ಟರಲ್ಲಿ ಅಜ್ಜಿ ರೊಟ್ಟಿ ತಂದರು. ನಮ್ಮಿಬ್ಬರಿಗೂ ಒಂದೇ ತಾಟಿನಲ್ಲಿ ಹಾಕಿದರು.